ಅಪ್‌ಡೇಟ್: ಥೇಮ್ಸ್ ನದಿಗೆ ಮೋಟಾರ್ ಕ್ರೂಸರ್, ಡೀಸೆಲ್ ಲೆಕ್ಕ

ಇಂಗ್ಲೆಂಡ್‌ನ ಥೇಮ್ಸ್ ನದಿಯಲ್ಲಿ ಓಡಿಸಲು 30 ಅಡಿಯ ಹಳೆಯ ಕ್ರೂಸರ್ (ಮಲಗಲು ಕ್ಯಾಬಿನ್ ಇರುವ ಮೋಟಾರ್ ಬೋಟ್) ಕೊಳ್ಳಬಹುದಾ, ಡೀಸೆಲ್ ಎಷ್ಟು ಬೇಕಾಗುತ್ತದೆ ಅಂತ ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಥ್ಯಾಂಕ್ಸ್. ಕೊಂಡೆವು! ಎರಡು ಎಂಜಿನ್‌ನದು ಬಿಟ್ಟು, ಒಂದೇ ಡೀಸೆಲ್ ಎಂಜಿನ್ ಇರುವುದನ್ನು ಆರಿಸಿದೆವು.

ನೀವು ಹೇಳಿದ್ದು ನಿಜ, ಬೋಟ್‌ಗೆ ಗಂಟೆಗೆ ಎಷ್ಟು ಲೀಟರ್ ಅನ್ನುವುದೇ ಲೆಕ್ಕ. ಲಂಡನ್‌ ಪಕ್ಕದ ಟೆಡಿಂಗ್ಟನ್‌ನಿಂದ ನದಿಯ ಮೇಲ್ಭಾಗಕ್ಕೆ ವೇಗದ ಮಿತಿ ಗಂಟೆಗೆ 8 ಕಿ.ಮೀ. ಆ ನಿಧಾನದಲ್ಲಿ ನಮ್ಮದಕ್ಕೆ ಮೂರು ನಾಲ್ಕು ಲೀಟರ್ ಸಾಕು. ಅದೇ ತಲಾ 200 ಎಚ್‌ಪಿಯ ಎರಡು ಎಂಜಿನ್‌ಗಳನ್ನು ಸಮುದ್ರದಲ್ಲಿ ಮುಕ್ಕಾಲು ಶಕ್ತಿಗೆ ಓಡಿಸಿದರೆ ಗಂಟೆಗೆ ಸುಮಾರು 60 ಲೀಟರ್! ಇಷ್ಟು ಉದ್ದದ ಬೋಟ್ 7 ನಾಟ್ (ಗಂಟೆಗೆ ಸುಮಾರು 13 ಕಿ.ಮೀ.) ಹತ್ತಿರ ಬಂದಾಗ ತಾನೇ ಎಬ್ಬಿಸಿದ ಅಲೆಯನ್ನು ಹತ್ತಬೇಕಾಗುತ್ತದೆ. ಅಲ್ಲಿಂದ ಮುಂದೆ ಸ್ವಲ್ಪ ವೇಗಕ್ಕೂ ಡೀಸೆಲ್ ತುಂಬಾ ಜಾಸ್ತಿ. ನದಿಯಲ್ಲಿ ಅಂಥ ಶಕ್ತಿ ಸುಮ್ನೆ ದಂಡ, ಅಲ್ವಾ?

ನಿಜವಾದ ಖರ್ಚು ಬೋಟ್ ನಿಂತಿರುವಾಗಲೇ. ಮೂರಿಂಗ್ ಬಾಡಿಗೆ, ಅಂದರೆ ಬೋಟ್ ಕಟ್ಟಿ ನಿಲ್ಲಿಸುವ ಜಾಗದ ಬಾಡಿಗೆ, ಎಲ್ಲಕ್ಕಿಂತ ದೊಡ್ಡದು. ನದಿಯ ಲೈಸೆನ್ಸ್, ಇನ್ಶೂರೆನ್ಸ್, 4 ವರ್ಷಕ್ಕೊಮ್ಮೆ ಸುರಕ್ಷತಾ ಪರೀಕ್ಷೆ, ತಳಕ್ಕೆ ಪಾಚಿ ಹಿಡಿಯದ ಬಣ್ಣ ಬೇರೆ. ಚಳಿಗಾಲದಲ್ಲಿ ನೀರಿನ ಸೆಳೆತ ಹೆಚ್ಚಾದರೆ ಲಾಕ್‌ಗಳಲ್ಲಿ (ಬೋಟ್‌ಗಳನ್ನು ಒಂದು ನೀರಿನ ಮಟ್ಟದಿಂದ ಇನ್ನೊಂದಕ್ಕೆ ಏರಿಸಿ ಇಳಿಸುವ ಗೇಟ್‌ಗಳ ಜಾಗ) ಎಚ್ಚರಿಕೆಯ ಕೆಂಪು ಬೋರ್ಡ್ ಹಾಕುತ್ತಾರೆ. ಆಗ ಹೊರಡುವ ಮಾತೇ ಇಲ್ಲ.

ದಾವಣಗೆರೆಯಿಂದ ಅತ್ತೆ, ಮಾವ ಬಂದಿದ್ದಾಗ ಹತ್ತಿ ಇಳಿಯಲು ಕಷ್ಟವಾಯಿತು. ಅದಕ್ಕೆ ಈಗ ಅಗಲ ಮೆಟ್ಟಿಲು, ಗಟ್ಟಿ ಹಿಡಿಕೆ ಹಾಕಿಸುತ್ತಿದ್ದೇನೆ. ನಾಲ್ಕು ಜನ ಮಲಗಬಹುದು ಅಂತ ಬರೆದಿರುವ ಕ್ಯಾಬಿನ್‌ನಲ್ಲಿ ಆರಾಮಾಗಿ ಮಲಗುವುದು ಇಬ್ಬರೇ. ಕೊಳ್ಳುವವರು ಒಳಗೆ ಹೋಗಿ, ಮಲಗಿಯೇ ನೋಡಿ.