ಜೋಗಿಮಟ್ಟಿಯಲ್ಲಿ ಟೆಂಟ್ ಹಾಕಲು ಬಿಡುತ್ತಾರಾ? ಸಹಾಯ ಬೇಕು

ಮುಂದಿನ ಶನಿವಾರ ದಾವಣಗೆರೆಯಿಂದ ಗೆಳೆಯರೆಲ್ಲ ಬೈಕಿನಲ್ಲಿ ಚಿತ್ರದುರ್ಗಕ್ಕೆ ಬರುತ್ತಿದ್ದೇವೆ. ಕೋಟೆ, ಚಂದ್ರವಳ್ಳಿ ಎಲ್ಲರೂ ನೋಡಿದ್ದಾರೆ. ಈ ಸಲ ಜೋಗಿಮಟ್ಟಿ ಹತ್ತಿ, ರಾತ್ರಿ ಅಲ್ಲೇ ಉಳಿಯುವ ಆಸೆ. ಆದರೆ ಅದು ವನ್ಯಜೀವಿಧಾಮ, ಕರಡಿ, ಚಿರತೆ ಇರುವ ಕಾಡು. ಸುಮ್ನೆ ಹೋಗಿ ಟೆಂಟ್ ಹೊಡೆಯಲು ಆಗುವುದಿಲ್ಲ ಅಲ್ವಾ? ಅರಣ್ಯ ಇಲಾಖೆಯಲ್ಲಿ ಯಾರನ್ನು ಕೇಳಬೇಕು, ಎಷ್ಟು ದಿನ ಮೊದಲು?

ಒಳಗೆ ಬಿಡುವುದೇ ಇಲ್ಲ ಎಂದಾದರೆ, ಕಾಡಿನ ಹೊರಗೆ ಹೊಲದಲ್ಲೋ ತೋಟದಲ್ಲೋ ಟೆಂಟ್ ಹಾಕಲು ಜಾಗ ಕೊಡುವವರಿದ್ದರೆ ತಿಳಿಸಿ, ದುಡ್ಡು ಕೊಡುತ್ತೇವೆ. ಬೆಂಕಿ ಹಾಕುವುದಿಲ್ಲ. ರೊಟ್ಟಿ, ಶೇಂಗಾ ಚಟ್ನಿ, ಮಂಡಕ್ಕಿ ಕಟ್ಟಿಕೊಂಡೇ ಬರುತ್ತೇವೆ (ದಾವಣಗೆರೆಯವರು ಮಂಡಕ್ಕಿ ಬಿಟ್ಟು ಎಲ್ಲಿಗೆ ಹೋಗುತ್ತಾರೆ!). ಮೇಲೆ ಕುಡಿಯುವ ನೀರು ಸಿಗುತ್ತದೆಯೇ, ಇಲ್ಲಾ ಕೆಳಗಿನಿಂದಲೇ ಹೊರಬೇಕೇ? ಈಚೆಗೆ ಹೋಗಿ ಬಂದವರು ಹೇಳಿದರೆ ಉಪಕಾರ.