ಹೃದಯದ ಹೆಸರಿನಲ್ಲಿ ಕಚೇರಿ ತಂಡದ ನಡಿಗೆ: ಗುರಿ ಹೇಗಿರಬೇಕು?

ಪ್ರಶ್ನೆ: ಹುಬ್ಬಳ್ಳಿಯ ನಮ್ಮ ಕಚೇರಿಯ ಹನ್ನೆರಡು ಜನರು ಸೆಪ್ಟೆಂಬರ್ 29ರ ವಿಶ್ವ ಹೃದಯ ದಿನದವರೆಗೆ ಒಂದು ತಿಂಗಳು ನಡೆದು, ಕಿಲೋಮೀಟರಿಗೆ ಇಷ್ಟೆಂದು ಹಣ ಕೂಡಿಸಿ, ಬಡ ಹೃದ್ರೋಗಿಗಳ ಚಿಕಿತ್ಸೆಗೆ ಕೊಡಬೇಕೆಂದಿದ್ದೇವೆ. ಐವತ್ತು ದಾಟಿದವರೂ ಇರುವುದರಿಂದ ಗುರಿ ಎಷ್ಟಿರಬೇಕು?

ಉತ್ತರ: ಹೆಜ್ಜೆಗಳ ಪೈಪೋಟಿ ಬೇಡ ಸರ್. ವಿಶ್ವ ಆರೋಗ್ಯ ಸಂಸ್ಥೆ ವಯಸ್ಕರಿಗೆ ಹೇಳುವುದು ವಾರಕ್ಕೆ ಕನಿಷ್ಠ 150 ನಿಮಿಷಗಳ ಚುರುಕು ನಡಿಗೆಯಂಥ ವ್ಯಾಯಾಮ. ಅದನ್ನೇ ಎಲ್ಲರ ಗುರಿಯಾಗಿಡಿ. ಹಿರಿಯರಿಗೆ ಉಣಕಲ್ ಕೆರೆಯ ದಂಡೆಯೇ ಹಿತ, ನೃಪತುಂಗ ಬೆಟ್ಟದ ಏರು ಆಮೇಲಿರಲಿ. ನಡೆಯುವಾಗ ಎದೆ ಬಿಗಿದರೆ, ನೋವು ಎಡತೋಳಿಗೋ ದವಡೆಗೋ ಹರಿದರೆ, ಕೂಡಲೇ ನಿಂತು 108ಕ್ಕೆ ಕರೆ ಮಾಡಬೇಕು.

ಉತ್ತರ: ಧಾರವಾಡದಿಂದ ನನ್ನದೊಂದು ಕಳಕಳಿಯ ಮಾತು. ಹಣದ ಜೊತೆಗೆ, ಹೃದಯ ಬಡಿತ ನಿಂತವರನ್ನು ಉಳಿಸಲು ಎದೆಯ ನಡುವೆ ನಿಮಿಷಕ್ಕೆ 100ರಿಂದ 120 ಬಾರಿ ಒತ್ತುವ ಸಿಪಿಆರ್ ತರಬೇತಿಯನ್ನೂ ಎಲ್ಲರಿಗೂ ಕೊಡಿಸಿರಿ.