ಶರ್ಮನ್ ಟ್ಯಾಂಕ್ ಕಿಟ್ 6 ಎಂಎಂ ಜಾಸ್ತಿ ಉದ್ದ ಬರ್ತಿದೆ, ಸ್ಕೇಲೇ ತಪ್ಪಾ?

ಅಂಟುಕೈ:
ಗುರುಗಳೇ ಒಂದು ಡೌಟು. ಹಳೇ 1/35 ಶರ್ಮನ್ (ಎರಡನೇ ಮಹಾಯುದ್ಧದ ಅಮೆರಿಕನ್ ಟ್ಯಾಂಕ್) ಮಾಡೆಲ್ ಕಿಟ್ ಒಬ್ರ ಹತ್ರ ಅಗ್ಗಕ್ಕೆ ಸಿಕ್ತು, ಬಾಕ್ಸೂ ಇಲ್ಲ ಇನ್‌ಸ್ಟ್ರಕ್ಷನ್ ಶೀಟೂ ಇಲ್ಲ, ಬರೀ ಸ್ಪ್ರೂಗಳು (ಪಾರ್ಟ್‌ಗಳು ಅಂಟಿರೋ ಪ್ಲಾಸ್ಟಿಕ್ ಫ್ರೇಮು) ಕವರಲ್ಲಿ. ಅಂಟು ಹಾಕೋ ಮುಂಚೆ ಡ್ರೈ ಫಿಟ್ ಮಾಡಿ ವರ್ನಿಯರ್ ಹಿಡಿದೆ, ಹಲ್ (ಟ್ಯಾಂಕಿನ ಕೆಳಗಿನ ಮೈ) ಉದ್ದ 173 ಎಂಎಂ. ನೆಟ್ಟಲ್ಲಿ ನೋಡಿದ್ರೆ ಶರ್ಮನ್ 5.84 ಮೀಟರ್ ಅಂತಿದೆ, 35ರಿಂದ ಭಾಗಿಸಿದ್ರೆ 167 ಬರ್ಬೇಕು. ಅಗಲ ಮಾತ್ರ 75, ಅದು 2.62 ಮೀಟರ್‌ಗೆ ಕರೆಕ್ಟಾಗಿದೆ. ಎತ್ತರ 80 ಇದೆ, 78 ಇರ್ಬೇಕಿತ್ತು. 6 ಎಂಎಂ ಅಂದ್ರೆ ನಿಜವಾದ ಟ್ಯಾಂಕಲ್ಲಿ 21 ಸೆಂಟಿಮೀಟರ್ ಆಯ್ತಲ್ಲ! ನಡು ಕತ್ತರಿಸಿ ಸರಿ ಮಾಡ್ಲಾ? 1965ರ ಪಾಕ್ ಯುದ್ಧದಲ್ಲಿ ಅಸಲ್ ಉತ್ತರದಲ್ಲಿ ಕಾದಾಡಿದ ನಮ್ಮ ಡೆಕ್ಕನ್ ಹಾರ್ಸ್ ರೆಜಿಮೆಂಟಿನ ಶರ್ಮನ್ ಮಾಡೋ ಆಸೆ.

ವರ್ನಿಯರ್ ಸ್ವಾಮಿ:
ಮೊದ್ಲು ಗರಗಸ ಕೆಳಗಿಡಿ ಮಾರಾಯ್ರೆ. ಸ್ಕೇಲ್ ತಪ್ಪಿದ್ರೆ ಎಲ್ಲಾ ಕಡೆ ಒಂದೇ ಲೆಕ್ಕದಲ್ಲಿ ತಪ್ಪುತ್ತೆ, ಅಗಲ ಸರಿ ಇದ್ದು ಉದ್ದ ಒಂದೇ ಜಾಸ್ತಿ ಅಂದ್ರೆ ಸ್ಕೇಲ್ ಕಥೆ ಅಲ್ಲ ಅದು. ನಿಮ್ಮ ಕೈಲಿರೋದು ಶರ್ಮನ್‌ದೇ ಎಂ4ಎ4 ಅನ್ನೋ ಮಾಡೆಲ್ ಅನ್ಸುತ್ತೆ. ಅದಕ್ಕೆ ಕ್ರೈಸ್ಲರ್‌ನೋರು ಐದು ಕಾರ್ ಇಂಜಿನ್ ಒಟ್ಟು ಸೇರಿಸಿ 30 ಸಿಲಿಂಡರ್‌ದು ಒಂದು ಮಾಡಿ ಕೂರಿಸಿದ್ರು, ಅದು ಹಿಡಿಸೋಕೆ ಹಲ್ ಅನ್ನೇ ಉದ್ದ ಮಾಡ್ಬೇಕಾಯ್ತು, 6.06 ಮೀಟರ್. ಭಾಗಿಸಿ ನೋಡಿ, 173. ಬೋಗಿಗಳ (ಜೋಡಿ ಚಕ್ರದ ಸೆಟ್) ಮಧ್ಯೆ ಗ್ಯಾಪ್ ಜಾಸ್ತಿ ಇದ್ಯಾ, ಟರೆಟ್ (ಗನ್ ಇರೋ ತಿರುಗೋ ಗೋಪುರ) ಹಿಂದೆ ಇಂಜಿನ್ ಡೆಕ್ ಮೇಲೆ ಒಂದು ಉಬ್ಬು ಇದ್ಯಾ, ನೋಡಿ ಹೇಳಿ.

ಸ್ಕೇಲೇ ಚೆಕ್ ಮಾಡ್ಬೇಕು ಅಂದ್ರೆ ಒಟ್ಟು ಉದ್ದ ಹಿಡಿಯೋಕೆ ಹೋಗ್ಬೇಡಿ. ಒಬ್ರು ಮಡ್‌ಗಾರ್ಡ್ ಸೇರಿಸಿರ್ತಾರೆ, ಒಬ್ರು ಗನ್ ಸೇರಿಸಿರ್ತಾರೆ. ಎಲ್ಲಾ ಮಾಡೆಲ್ಲಿಗೂ ಒಂದೇ ಇರೋ ಪಾರ್ಟ್ ಹಿಡೀರಿ. ವಿವಿಎಸ್‌ಎಸ್ (ನೆಟ್ಟಗೆ ನಿಂತ ಸುರುಳಿ ಸ್ಪ್ರಿಂಗಿನ ಸಸ್ಪೆನ್ಷನ್) ಇರೋ ಶರ್ಮನ್‌ದು ರೋಡ್ ವೀಲ್ 20 ಇಂಚು, ಅಂದ್ರೆ 1/35ರಲ್ಲಿ 14.5 ಎಂಎಂ. ಟ್ರ್ಯಾಕ್ ಪಿಚ್ (ಚೈನಿನ ಒಂದು ಲಿಂಕಿನ ಅಳತೆ) 6 ಇಂಚು, ಒಂದೇ ಲಿಂಕ್ ಅಳೆದ್ರೆ ವರ್ನಿಯರ್ ಆಟ ಆಡಿಸುತ್ತೆ, ಹತ್ತು ಲಿಂಕ್ ಒಟ್ಟಿಗೆ ಅಳೀರಿ, 43.5 ಬರ್ಬೇಕು. ಎತ್ತರದ 2 ಎಂಎಂಗೆ ತಲೆ ಕೆಡಿಸ್ಕೋಬೇಡಿ, ನಿಜವಾದ ಟ್ಯಾಂಕು ತುಂಬಿದ ಬಸ್ಸಿನ ತರ, ಲೋಡಿಗೆ ತಕ್ಕಂಗೆ ಸ್ಪ್ರಿಂಗ್ ಕೂರುತ್ತೆ.

ಗೋಲಿಸೋಡ:
ಸ್ವಾಮಿಗಳ ಮಾತು ಒಪ್ದೆ, ಆದ್ರೂ ಅಂಕಿ ನೋಡೇ ಕಿಟ್ ಬಿಸಾಡೋರು ಇದಾರಲ್ಲ ಅವ್ರ ಕಂಡ್ರೆ ನಂಗೆ ನಗು. ಈ 1/35 ಅನ್ನೋದೇನು ದೇವರ ವಾಕ್ಯನಾ? 1960ರ ದಶಕದ ಶುರುವಲ್ಲಿ ಜಪಾನಿನ ಕಿಟ್ ಕಂಪನಿ ತಮಿಯಾದವ್ರು ಮೋಟರ್ ಇರೋ ಪ್ಯಾಂಥರ್ (ಜರ್ಮನ್ ಟ್ಯಾಂಕ್) ಕಿಟ್ ಮಾಡಿದಾಗ ಒಳಗೆ ಬ್ಯಾಟರಿ ಹಿಡಿಯೋ ಸೈಜಿಗೆ ಹಲ್ ಮಾಡಿದ್ರು, ಆಮೇಲೆ ಲೆಕ್ಕ ಹಾಕಿದ್ರೆ ಹೆಚ್ಚುಕಮ್ಮಿ 1/35 ಬಂತು, ಅದೇ ಉಳ್ಕೊಂತು. ಆ ಕಾಲದ ಮೋಟರ್ ಕಿಟ್‌ಗಳಲ್ಲಿ ಹಲ್ ತಳದಲ್ಲಿ ಸ್ವಿಚ್ಚಿನ ತೂತು ಇರುತ್ತೆ, ಕಂಡ್ರೆ ಹಲ್ ಅಳತೆ ಮೇಲೆ ಸ್ವಲ್ಪ ಅನುಮಾನ ಇರ್ಲಿ.

ಚಿಕ್ಕ ಸ್ಕೇಲಲ್ಲಿ ಮಾತ್ರ ಹುಷಾರು, ಅಲ್ಲಿ ಕಣ್ಣಿಗೆ ಹೊಡಿಯುತ್ತೆ. 1/72 ಮತ್ತೆ 1/76 ಎರಡನ್ನೂ ಒಂದೇ ಶೆಲ್ಫಲ್ಲಿ ಇಟ್ಟು ಮಾರ್ತಾರೆ, ಅದೇ 5.84 ಮೀಟರ್ ಒಂದ್ರಲ್ಲಿ 81 ಎಂಎಂ, ಇನ್ನೊಂದ್ರಲ್ಲಿ 77, ಪಕ್ಕಪಕ್ಕ ಇಟ್ರೆ ಅಣ್ಣ ತಮ್ಮ ಕಾಣ್ತವೆ. ಇನ್ನೊಂದು, ನೆಟ್ಟಿಂದ ಡ್ರಾಯಿಂಗ್ ಇಳಿಸಿ ಪ್ರಿಂಟ್ ಹಾಕಿದ್ರೆ ‘ಫಿಟ್ ಟು ಪೇಜ್’ ಆಫ್ ಮಾಡಿ, ಪ್ರಿಂಟಾದ್ಮೇಲೆ ಸ್ಕೇಲ್ ಬಾರ್ ಅಳೆದೇ ಮುಂದೆ ಹೋಗಿ. ಅಡ್ಡಕ್ಕೂ ಉದ್ದಕ್ಕೂ ಎರಡೂ ಕಡೆ ಅಳೀರಿ, ಕೆಲವು ಪ್ರಿಂಟರ್ ಒಂದೇ ದಿಕ್ಕಿಗೆ ಎಳೀತವೆ.

ಅಂಟುಕೈ:
ನೋಡ್ದೆ, ಡೆಕ್ ಮೇಲೆ ಉಬ್ಬು ಇದೆ, ಬೋಗಿ ಗ್ಯಾಪೂ ಜಾಸ್ತಿ. ವೀಲ್ 14.4, ಹತ್ತು ಲಿಂಕ್ 43.5. ಹಂಗಾದ್ರೆ ಇದನ್ನೇ ಡೆಕ್ಕನ್ ಹಾರ್ಸ್ ಮಾಡ್ಬಹುದಾ?

ವರ್ನಿಯರ್ ಸ್ವಾಮಿ:
ಆತುರ ಬೇಡ. ಆಗ ನಮ್ಮ ಸೈನ್ಯದಲ್ಲಿದ್ದ ಶರ್ಮನ್‌ಗಳು ಒಂದೇ ತರದ್ದಲ್ಲ, ಗನ್ನೂ ಬೇರೆ ಬೇರೆ. ಮೊದ್ಲು ಒಂದು ಟ್ಯಾಂಕಿನ ಫೋಟೋ ಆರಿಸ್ಕೊಳ್ಳಿ, ಅದ್ರಲ್ಲಿ ಬೋಗಿ ಗ್ಯಾಪನ್ನ ವೀಲಿನ ಅಗಲಕ್ಕೆ ಹೋಲಿಸಿ ನೋಡಿ. ಗ್ಯಾಪ್ ಕಮ್ಮಿ ಇದ್ರೆ ಬೇರೆ ಹಲ್ ಹುಡುಕ್ಬೇಕು, ಟರೆಟ್ ಗನ್ ವಿಷಯ ಆಮೇಲೆ ನೋಡೋಣ. ಫೋಟೋ ಸಿಕ್ರೆ ಇಲ್ಲೇ ಹಾಕಿ.